ಕೆಂಪು ಸಮುದ್ರದ ಗಲಾಟೆ, ಹಾಸನದ ಕಾಫಿ ಮೂಟೆ: ಒಂದು ಪ್ರಕರಣ ಅಧ್ಯಯನ

2023ರ ಡಿಸೆಂಬರ್ 23. ಗುಜರಾತ್ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲಿ ದೂರದಲ್ಲಿ ಎಂವಿ ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಹಡಗಿಗೆ ಡ್ರೋನ್ ಬಂದು ಬಡಿಯಿತು. ಬೆಂಕಿ ಹತ್ತಿತು, ಸಿಬ್ಬಂದಿ ಆರಿಸಿದರು. ಯಾರ ಪ್ರಾಣಕ್ಕೂ ಅಪಾಯ ಆಗಲಿಲ್ಲ. ಕೋಸ್ಟ್ ಗಾರ್ಡ್‌ನ ವಿಕ್ರಮ್ ನೌಕೆ ಜೊತೆಗಿದ್ದು ಅದನ್ನು ಮುಂಬೈ ಕಡೆಗೆ ಕರೆತಂದಿತು. ಸೌದಿಯ ಜುಬೈಲ್‌ನಿಂದ ಕಚ್ಚಾ ತೈಲ ತುಂಬಿಕೊಂಡು ಆ ಹಡಗು ಹೊರಟಿದ್ದು ನಮ್ಮ ನವ ಮಂಗಳೂರು ಬಂದರಿಗೆ.

ಆ ಹಡಗಿನಲ್ಲಿ ಕಾಫಿ ಇರಲಿಲ್ಲ. ಆದರೆ ಸಕಲೇಶಪುರ, ಬೇಲೂರು, ಆಲೂರು, ಮೂಡಿಗೆರೆ ಕಡೆಯ ಕಾಫಿ ಮೂಟೆಗಳು ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿದ್ಧವಾಗಿ ಘಾಟಿ ಇಳಿದು ಹೋಗುವುದು ಅದೇ ಬಂದರಿಗೆ. ಹಾಸನದ ಒಂದು ಕ್ಯಾಂಪಸ್‌ನಲ್ಲಿರುವ ವ್ಯೂಹಾತ್ಮಕ ಮತ್ತು ರಕ್ಷಣಾ ಅಧ್ಯಯನ ಕೇಂದ್ರ ಈ ವರ್ಷದ ದೊಡ್ಡ ಕೆಲಸಕ್ಕೆ ಇದನ್ನೇ ಆರಿಸಿಕೊಂಡಿತು. ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಮಾಡಿ ಎಬ್ಬಿಸಿದ ಕೆಂಪು ಸಮುದ್ರದ ಗಲಾಟೆಯಿಂದ ಹಾಸನ, ಚಿಕ್ಕಮಗಳೂರಿನ ಕಾಫಿಗೆ ಏನಾಯಿತು? ಯಾರಿಗೆ ಪೆಟ್ಟು ಬಿತ್ತು, ಎಷ್ಟು ಬಿತ್ತು? ಇಷ್ಟೇ ಪ್ರಶ್ನೆ. ನಾನು ಆ ಕೇಂದ್ರಕ್ಕೆ ಪಾಠ ಹೇಳಲು ಹೋಗುವವನು, ಈ ಅಧ್ಯಯನದ ಉದ್ದಕ್ಕೂ ಜೊತೆಗಿದ್ದವನು. ಕೇಂದ್ರದ ಹೆಸರು, ಮಾತಾಡಿದವರ ಹೆಸರು ಇಲ್ಲಿ ಬೇಡ.

ಕಾಫಿ ಯಾಕೆ, ಕ್ಷಿಪಣಿ ಯಾಕಲ್ಲ

ಇಂಥ ಸಣ್ಣ ಕೇಂದ್ರಗಳ ಚಟುವಟಿಕೆ ಸಾಮಾನ್ಯವಾಗಿ ಒಂದೇ ಥರ. ನಿವೃತ್ತ ಸೇನಾಧಿಕಾರಿಯ ಉಪನ್ಯಾಸ, ಕಾರ್ಗಿಲ್ ವಿಜಯ ದಿವಸದ ಭಾಷಣ, ಪ್ರಬಂಧ ಸ್ಪರ್ಧೆ, ಒಂದು ವಿಚಾರ ಸಂಕಿರಣ. ನಮ್ಮಲ್ಲೂ ಅದೆಲ್ಲ ಇದೆ. 2025ರ ಮೇ ತಿಂಗಳ ಆಪರೇಷನ್ ಸಿಂಧೂರ ಆದ ಮೇಲಂತೂ ಎಲ್ಲರಿಗೂ ಬ್ರಹ್ಮೋಸ್ ಬೇಕು, ಎಸ್-400 ಬೇಕು. ಅಂಥ ವಿಷಯ ಇಟ್ಟ ದಿನ ಹಾಲ್ ತುಂಬುತ್ತದೆ, ಬಾಗಿಲ ಹತ್ತಿರ ಹುಡುಗರು ನಿಂತಿರುತ್ತಾರೆ. ಕಾಫಿ ರಫ್ತಿನ ಬಗ್ಗೆ ಮೊದಲ ಸಭೆ ಕರೆದ ದಿನ ಅರ್ಧಕ್ಕಿಂತ ಜಾಸ್ತಿ ಕುರ್ಚಿ ಖಾಲಿ. "ಸಾರ್, ಇದು ಕಾಮರ್ಸ್‌ನವರ ಸಬ್ಜೆಕ್ಟ್ ಅಲ್ವಾ?" ಎಂದು ಒಬ್ಬ ಹುಡುಗ ಕೇಳಿಯೇಬಿಟ್ಟ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಚೀನಾ, ಕ್ವಾಡ್, ಅಣ್ವಸ್ತ್ರ ನೀತಿ ಇವುಗಳ ಬಗ್ಗೆ ಬರೆಯಲು ದೆಹಲಿಯಲ್ಲಿ 1965ರಿಂದ ಐಡಿಎಸ್ಎ ಎಂಬ ರಕ್ಷಣಾ ಅಧ್ಯಯನ ಸಂಸ್ಥೆ ಇದೆ. ಮದ್ರಾಸ್, ಪುಣೆ ವಿಶ್ವವಿದ್ಯಾಲಯಗಳಲ್ಲಿ ಹಳೆಯ ರಕ್ಷಣಾ ಅಧ್ಯಯನ ವಿಭಾಗಗಳಿವೆ. ಬೆಂಗಳೂರಿನಲ್ಲಿ ನಿಯಾಸ್ ಎಂಬ ಸಂಶೋಧನಾ ಸಂಸ್ಥೆ ಇದೆ. ಪಕ್ಕದ ಶಿವಮೊಗ್ಗಕ್ಕೂ ಈಗ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದಿದೆ. ಅವರ ಹತ್ತಿರ ಗ್ರಂಥಾಲಯ ಇದೆ, ದುಡ್ಡಿದೆ, ಮಂತ್ರಾಲಯದ ಬಾಗಿಲು ತೆರೆದಿದೆ. ಹಾಸನದಲ್ಲಿ ಕೂತು ಅವರ ಲೇಖನಗಳನ್ನೇ ಸೇರಿಸಿ ಇನ್ನೊಂದು ಲೇಖನ ಮಾಡುವುದರಲ್ಲಿ ಅರ್ಥ ಇಲ್ಲ. ಅವರಿಗೆ ಸುಲಭವಾಗಿ ಸಿಗದ ಸಂಗತಿಗಳು ನಮ್ಮ ಸುತ್ತ ಇವೆ. ಕ್ಯೂರಿಂಗ್ ವರ್ಕ್ಸ್‌ನ ಗುಮಾಸ್ತರು ನಮ್ಮ ವಿದ್ಯಾರ್ಥಿಗಳ ಚಿಕ್ಕಪ್ಪಂದಿರು. ತೋಟದ ರೈಟರ್ ಯಾರದೋ ಭಾವ. ಬೆಳೆಗಾರರ ಮನೆಯ ಮಕ್ಕಳೇ ಬೆಂಚಿನಲ್ಲಿ ಕೂತಿರುತ್ತಾರೆ.

ಒಂದು ನಿಯಮ ಮಾತ್ರ ಮೊದಲೇ ಮಾಡಿಕೊಂಡೆವು. ಬಾಬಾಬುಡನ್ ಕಥೆಯಿಂದ ಯಾರೂ ವರದಿ ಶುರು ಮಾಡಬಾರದು. ಯೆಮೆನ್‌ನ ಮೋಕಾ ಬಂದರಿನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಎಂಬ ಪ್ರತೀತಿ ಎಲ್ಲರಿಗೂ ಗೊತ್ತು. ಮೋಕಾ ಇರುವುದು ಇದೇ ಕೆಂಪು ಸಮುದ್ರದ ದಡದಲ್ಲಿ, ಹೂತಿಗಳ ಗಲಾಟೆ ನಡೆದ ಜಲಸಂಧಿಯ ಮಗ್ಗುಲಲ್ಲಿ. ಚೆನ್ನಾಗಿಯೇ ಇದೆ. ಆದರೆ ವೇದಿಕೆ ಹತ್ತಿದ ಪ್ರತಿಯೊಬ್ಬರೂ ಅಲ್ಲಿಂದಲೇ ಶುರು ಮಾಡಿ ಅಲ್ಲಿಗೇ ಮುಗಿಸಿಬಿಡುತ್ತಾರೆ, ಲೆಕ್ಕಕ್ಕೆ ಬರುವುದೇ ಇಲ್ಲ.

ನಡೆದದ್ದು ಏನು

2023ರ ನವೆಂಬರ್ 19ರಂದು ಯೆಮೆನ್‌ನ ಹೂತಿಗಳು ಹೆಲಿಕಾಪ್ಟರ್‌ನಲ್ಲಿ ಇಳಿದು ಗ್ಯಾಲಕ್ಸಿ ಲೀಡರ್ ಎಂಬ ಹಡಗನ್ನು ವಶಕ್ಕೆ ತೆಗೆದುಕೊಂಡರು. ಆ ಹಡಗು ಭಾರತದ ಕಡೆಗೆ ಬರುತ್ತಿತ್ತು. ಆಮೇಲೆ ಡ್ರೋನ್, ಕ್ಷಿಪಣಿ ದಾಳಿಗಳು ಸಾಲಾಗಿ ನಡೆದವು. ಡಿಸೆಂಬರ್ ಮಧ್ಯದ ಹೊತ್ತಿಗೆ ಮಾರ್ಸ್ಕ್, ಎಂಎಸ್‌ಸಿ, ಹಪಾಗ್ ಲಾಯ್ಡ್‌ನಂಥ ದೊಡ್ಡ ಕಂಟೇನರ್ ಕಂಪನಿಗಳು ಕೆಂಪು ಸಮುದ್ರದ ದಾರಿ ಬಿಟ್ಟು ಆಫ್ರಿಕಾ ಸುತ್ತಿಕೊಂಡು ಹೋಗತೊಡಗಿದವು. ಜಗತ್ತಿನ ಕಂಟೇನರ್ ಸಾಗಣೆಯಲ್ಲಿ ಸುಮಾರು ಶೇ. 30ರಷ್ಟು ಸೂಯೆಜ್ ಕಾಲುವೆ ಮೂಲಕವೇ ಹೋಗುತ್ತಿತ್ತು. ಗುಡ್ ಹೋಪ್ ಭೂಶಿರ ಸುತ್ತಿದರೆ ಏಷ್ಯಾದಿಂದ ಯುರೋಪಿಗೆ ಹತ್ತರಿಂದ ಹದಿನಾಲ್ಕು ದಿನ ಜಾಸ್ತಿ.

ಈ ದಾರಿಯ ಕುತ್ತಿಗೆ ಬಾಬ್ ಎಲ್ ಮಂದಬ್ ಜಲಸಂಧಿ. ಕಿರಿದಾದ ಕಡೆ ಅಗಲ 30 ಕಿಲೋಮೀಟರ್ ಆಸುಪಾಸು. ನಕ್ಷೆಯಲ್ಲಿ ತೋರಿಸಿದಾಗ ಹುಡುಗರಿಗೆ ಅದರ ತೂಕ ತಟ್ಟಲಿಲ್ಲ. ಸಕಲೇಶಪುರದ ಹುಡುಗಿಯೊಬ್ಬಳು ತಾನೇ ಎದ್ದು, "ನಮ್ಮ ಶಿರಾಡಿ ಘಾಟ್ ಇದ್ದಂಗೆ ಅಲ್ವಾ ಸಾರ್" ಎಂದಳು. ಅಲ್ಲಿಗೆ ಎಲ್ಲರಿಗೂ ಅರ್ಥವಾಯಿತು. 2024ರ ಜುಲೈನಲ್ಲಿ ದೊಡ್ಡತಪ್ಪಲು ಹತ್ತಿರ ಗುಡ್ಡ ಕುಸಿದು ಶಿರಾಡಿ ರಸ್ತೆ ಬಂದ್ ಆಗಿತ್ತು. ಲಾರಿ ಸುತ್ತು ಹಾಕಬಹುದು, ಮಂಗಳೂರು ತಲುಪದೇ ಇರುವುದಿಲ್ಲ. ಆದರೆ ಡೀಸೆಲ್ ಜಾಸ್ತಿ, ಡ್ರೈವರ್ ಬಾಟಾ ಜಾಸ್ತಿ, ಹತ್ತಬೇಕಾದ ಹಡಗು ತಪ್ಪುತ್ತದೆ. ದಾರಿ ಮುಚ್ಚಿದರೆ ಸರಕು ನಿಲ್ಲುವುದಕ್ಕಿಂತ ಸರಕಿನ ಲೆಕ್ಕ ತಪ್ಪುವುದೇ ಹೆಚ್ಚು. ಮುಂದಿನ ಇಡೀ ಅಧ್ಯಯನ ಈ ತಪ್ಪಿದ ಲೆಕ್ಕವನ್ನು ಹುಡುಕುವ ಕೆಲಸ.

ಇನ್ನೊಂದು ವಿಷಯ ಮೊದಲೇ ತಿಳಿಯಾಗಬೇಕಿತ್ತು. ಕೆಮ್ ಪ್ಲೂಟೊ ಕೆಂಪು ಸಮುದ್ರದಲ್ಲಿ ಇರಲೇ ಇಲ್ಲ. ಅದು ಪರ್ಷಿಯನ್ ಕೊಲ್ಲಿಯಿಂದ ಬರುತ್ತಿತ್ತು, ಪೆಟ್ಟು ಬಿದ್ದಿದ್ದು ಅರಬ್ಬಿ ಸಮುದ್ರದಲ್ಲಿ. ಡ್ರೋನ್ ಹಾರಿದ್ದು ಇರಾನ್‌ನಿಂದ ಎಂದು ಅಮೆರಿಕದ ರಕ್ಷಣಾ ಇಲಾಖೆ ಹೇಳಿತು. ಇರಾನ್ ಅಲ್ಲಗಳೆಯಿತು. ಭಾರತ ಯಾರ ಹೆಸರನ್ನೂ ಹೇಳಲಿಲ್ಲ. ಡಿಸೆಂಬರ್ 26ರಂದು ಮುಂಬೈಯಲ್ಲಿ ಐಎನ್ಎಸ್ ಇಂಫಾಲ್ ನೌಕೆಯನ್ನು ಸೇವೆಗೆ ಸೇರಿಸುವ ಸಮಾರಂಭದಲ್ಲಿ ರಕ್ಷಣಾ ಸಚಿವ ರಾಜನಾಥ್ ಸಿಂಗ್, ದಾಳಿ ಮಾಡಿದವರನ್ನು ಸಮುದ್ರದ ತಳದಲ್ಲಿದ್ದರೂ ಹುಡುಕುತ್ತೇವೆ ಎಂಬರ್ಥದ ಮಾತಾಡಿದರು. ವಿದ್ಯಾರ್ಥಿಗಳ ಮೊದಲ ಕರಡಿನಲ್ಲಿ "ಹೂತಿಗಳು ಮಂಗಳೂರಿಗೆ ಬರುತ್ತಿದ್ದ ಹಡಗಿಗೆ ಹೊಡೆದರು" ಎಂದು ಬರೆದಿತ್ತು. ಸುದ್ದಿ ವಾಹಿನಿಯಲ್ಲಿ ಹಾಗೆ ಕೇಳಿದ್ದರು. ಆ ಸಾಲನ್ನು ಹೊಡೆದುಹಾಕಿ, ಯಾರು ಏನು ಹೇಳಿದರು ಎಂಬುದನ್ನು ಬೇರೆ ಬೇರೆ ಕಾಲಂನಲ್ಲಿ ಬರೆಸಲು ಒಂದು ಇಡೀ ಮಧ್ಯಾಹ್ನ ಹೋಯಿತು. ರಕ್ಷಣಾ ಅಧ್ಯಯನದ ವಿದ್ಯಾರ್ಥಿಗೆ ಟ್ಯಾಂಕ್‌ನ ತೂಕ ಗೊತ್ತಿರುವುದಕ್ಕಿಂತ ಈ ಅಭ್ಯಾಸ ಮುಖ್ಯ ಎಂದು ನನ್ನ ನಂಬಿಕೆ.

ಲೆಕ್ಕಕ್ಕೆ ಕೂತಾಗ

ಕೆಲಸವನ್ನು ಐದು ಗುಂಪಿಗೆ ಹಂಚಿದೆವು. ಬೆಳೆಗಾರ, ಕ್ಯೂರಿಂಗ್ ವರ್ಕ್ಸ್, ರಫ್ತುದಾರ, ಹಡಗು ಕಂಪನಿ, ನೌಕಾಪಡೆ. ಪ್ರತಿ ಗುಂಪು ತನ್ನ ಪಾತ್ರದ ಕಣ್ಣಿನಿಂದ ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಘಟನೆ ನೋಡಬೇಕು. ಆ ಅವಧಿಗೆ ಕಾರಣ ಇದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ. ಕಣದಲ್ಲಿ ಒಣಗಿ, ಮೂಟೆಯಾಗಿ, ಕ್ಯೂರಿಂಗ್ ಆಗಿ ಹೊರಡುವ ಹೊತ್ತಿಗೆ ಸರಿಯಾಗಿ ಸಮುದ್ರದ ದಾರಿ ಕೆಟ್ಟಿತ್ತು. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70 ಹೊರದೇಶಕ್ಕೆ ಹೋಗುತ್ತದೆ. ದೊಡ್ಡ ಗಿರಾಕಿ ಇಟಲಿ, ಜೊತೆಗೆ ಜರ್ಮನಿ, ಬೆಲ್ಜಿಯಂ, ರಷ್ಯಾ. ಇಟಲಿಗೆ ಹೋಗುವ ಕಂಟೇನರ್‌ಗೆ ಸೂಯೆಜ್ ಬಿಟ್ಟರೆ ಹತ್ತಿರದ ದಾರಿ ಇಲ್ಲ.

ಎಲ್ಲ ಗುಂಪುಗಳ ಮೊದಲ ಊಹೆ ಒಂದೇ: ಬಾಡಿಗೆ ಏರಿತು, ಆದ್ದರಿಂದ ಬೆಳೆಗಾರನಿಗೆ ನಷ್ಟ. ಪತ್ರಿಕೆಗಳಲ್ಲೂ ಆಗ ಇದೇ ಆತಂಕ ಇತ್ತು. ಹಡಗು ಬಾಡಿಗೆಯ ಲೆಕ್ಕ ಇಡುವ ಡ್ರೂರಿ ಸಂಸ್ಥೆಯ ಜಾಗತಿಕ ಸೂಚ್ಯಂಕದಲ್ಲಿ 40 ಅಡಿ ಕಂಟೇನರ್‌ನ ಸರಾಸರಿ ಬಾಡಿಗೆ ಡಿಸೆಂಬರ್ ಆರಂಭದಲ್ಲಿ 1,400 ಡಾಲರ್ ಹತ್ತಿರ ಇದ್ದಿದ್ದು ಜನವರಿ ಕೊನೆಯಲ್ಲಿ 3,900 ದಾಟಿತ್ತು. ಅದು ಮಂಗಳೂರಿನ ದರವಲ್ಲ, ಚೀನಾದಿಂದ ಹೊರಡುವ ಮಾರ್ಗಗಳೇ ಅದರಲ್ಲಿ ಹೆಚ್ಚು. ಆದರೆ ಗಾಳಿ ಯಾವ ಕಡೆ ಬೀಸುತ್ತಿತ್ತು ಎಂದು ತಿಳಿಯಲು ಸಾಕು.

ಊಹೆಯನ್ನು ಪಕ್ಕಕ್ಕಿಟ್ಟು ಒಂದು ಕಂಟೇನರ್ ಲೆಕ್ಕ ಹಾಕಿದೆವು. 20 ಅಡಿ ಕಂಟೇನರ್‌ನಲ್ಲಿ 60 ಕಿಲೋದ 320 ಚೀಲ, ಅಂದರೆ 19,200 ಕಿಲೋ ಹಸಿರು ಕಾಫಿ ಬೀಜ. 2024ರ ಜನವರಿಯಲ್ಲಿ ಲಂಡನ್ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 3,000 ಡಾಲರ್ ದಾಟಿತ್ತು. 3,000 ಎಂದೇ ಹಿಡಿದರೆ ಕಂಟೇನರ್ ಮೌಲ್ಯ 57,600 ಡಾಲರ್. ಆಗ ಡಾಲರ್ 83 ರೂಪಾಯಿ. ಹತ್ತಿರ ಹತ್ತಿರ 48 ಲಕ್ಷ ರೂಪಾಯಿ.

ಹೆಚ್ಚುವರಿ ಬಾಡಿಗೆ 2,000 ಡಾಲರ್ ಎಂದು ಇಟ್ಟುಕೊಂಡೆವು. ಕಿಲೋಗೆ 8 ರೂಪಾಯಿ 60 ಪೈಸೆ ಚಿಲ್ಲರೆ. ಈಗ ಇದನ್ನು ಕಣದ ಭಾಷೆಗೆ ತಿರುಗಿಸಬೇಕು. ಬೆಳೆಗಾರ ಮಾರುವುದು 50 ಕಿಲೋ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿನ ಮೂಟೆ. ಓಟಿ (ಔಟ್-ಟರ್ನ್, ಮೂಟೆಗೆ ಸಿಗುವ ಬೀಜದ ತೂಕ) 26 ಬಂದರೆ ಆ ಮೂಟೆಯಲ್ಲಿ 26 ಕಿಲೋ ಬೀಜ. ಅಲ್ಲಿಗೆ ಮೂಟೆಗೆ ಸುಮಾರು 225 ರೂಪಾಯಿ. ಹದಿನಾಲ್ಕು ದಿನದ ಹೆಚ್ಚುವರಿ ಬಡ್ಡಿ, ವರ್ಷಕ್ಕೆ ನೂರಕ್ಕೆ 12ರಂತೆ, ಇಡೀ ಕಂಟೇನರ್‌ಗೆ 22,000 ರೂಪಾಯಿ. ಚೆರಿ ಮೂಟೆಗೆ 30 ರೂಪಾಯಿ. ಎರಡೂ ಸೇರಿ 255.

ಓಟಿ ಎಂದರೇನು ಎಂದು ಮೈಸೂರು ಕಡೆಯ ಹುಡುಗನೊಬ್ಬ ಕೇಳಿದ. ಉತ್ತರ ಹೇಳಲು ಐದಾರು ಜನ ಒಟ್ಟಿಗೆ ಎದ್ದು ನಿಂತರು. ಆ ಕೇಂದ್ರದಲ್ಲಿ ಅಷ್ಟು ಉತ್ಸಾಹ ನಾನು ಬ್ರಹ್ಮೋಸ್ ದಿನವೂ ಕಂಡಿರಲಿಲ್ಲ.

255 ರೂಪಾಯಿ ಸಣ್ಣದಲ್ಲ. ಆದರೆ ಆ ತಿಂಗಳುಗಳಲ್ಲಿ ಚೆರಿ ಬೆಲೆ ಏನಾಯಿತು? ಬೆಳೆಗಾರರ ಮನೆಯವರಿಗೆ ನೆನಪಿರುತ್ತದೆ. ರೊಬಸ್ಟಾ ಚೆರಿ ಮೂಟೆ 2024ರ ಏಪ್ರಿಲ್ ಹೊತ್ತಿಗೆ 10,000 ರೂಪಾಯಿ ದಾಟಿತು. ಲಂಡನ್ ದರ ಏಪ್ರಿಲ್‌ನಲ್ಲಿ 4,000 ಡಾಲರ್, ಸೆಪ್ಟೆಂಬರ್‌ನಲ್ಲಿ 5,000 ಡಾಲರ್ ಮೀರಿತು. ವಿಯೆಟ್ನಾಂ ಜಗತ್ತಿನ ಅತಿ ದೊಡ್ಡ ರೊಬಸ್ಟಾ ಬೆಳೆಯುವ ದೇಶ. ಅಲ್ಲಿ ಆಗ ಬರ, ರೈತರ ಹತ್ತಿರದಿಂದ ಮಾಲು ಹೊರಗೆ ಬರುತ್ತಿರಲಿಲ್ಲ. ಜೊತೆಗೆ ವಿಯೆಟ್ನಾಂ ಕಾಫಿ ಯುರೋಪಿಗೆ ಹೋಗುವುದೂ ಇದೇ ಸೂಯೆಜ್ ದಾರಿಯಲ್ಲಿ. ದಾರಿ ಉದ್ದವಾದ್ದರಿಂದ ಯುರೋಪಿನ ಕಾಫಿ ಕಂಪನಿಗಳಿಗೆ ಮಾಲಿನ ಭಯ ಇನ್ನಷ್ಟು ಹೆಚ್ಚಿತು. ಅಂದರೆ ಕೆಂಪು ಸಮುದ್ರದ ಗಲಾಟೆ ಬಾಡಿಗೆಯನ್ನು ಏರಿಸಿದ್ದಷ್ಟೇ ಅಲ್ಲ, ಬೆಲೆ ಏರಿಕೆಗೂ ಒಂದು ಕೈ ಹಾಕಿತು. ಭಾರತದ ಕಾಫಿ ರಫ್ತು 2023-24ರಲ್ಲಿ ಸುಮಾರು 130 ಕೋಟಿ ಡಾಲರ್, 2024-25ರಲ್ಲಿ ಸುಮಾರು 180 ಕೋಟಿ ಡಾಲರ್. ನಷ್ಟದ ಕಥೆ ಬರೆಯಲು ಕೂತವರ ಮುಂದೆ ಲಾಭದ ಅಂಕಿ ಬಂದು ನಿಂತಿತ್ತು.

ಪೆಟ್ಟು ಎಲ್ಲಿ ಬಿತ್ತು

ಇಲ್ಲಿ ಗುಂಪುಗಳ ನಡುವೆ ಜಗಳ ಶುರುವಾಯಿತು. ಬೆಳೆಗಾರರ ಗುಂಪಿನ ಹುಡುಗರು "ನಮಗೇನೂ ಆಗಿಲ್ಲ, ಕೇಸ್ ಮುಗೀತು" ಎಂದು ಕಾಗದ ಮಡಚಿದರು. ರಫ್ತುದಾರರ ಗುಂಪು ಒಪ್ಪಲಿಲ್ಲ. ಅವರು ಹಾಸನದ ಒಬ್ಬ ಸಣ್ಣ ರಫ್ತುದಾರರನ್ನು ಮಾತಾಡಿಸಿ ಬಂದಿದ್ದರು. ಆ ಮಾತುಕತೆಯೇ ಅಧ್ಯಯನದ ತಿರುಳು ಎಂದು ನನಗೆ ಅನಿಸುತ್ತದೆ.

ಕಾಫಿ ವ್ಯಾಪಾರದಲ್ಲಿ ಜಾಸ್ತಿ ಒಪ್ಪಂದಗಳು ಎಫ್‌ಒಬಿ. ಮಾಲು ಹಡಗು ಹತ್ತುವವರೆಗೆ ಮಾರುವವನ ಜವಾಬ್ದಾರಿ, ಆಮೇಲಿನ ಬಾಡಿಗೆ ಕೊಳ್ಳುವವನದು. ಹಾಗಿದ್ದರೆ ರಫ್ತುದಾರನಿಗೆ ಏನು ತೊಂದರೆ? ಆ ಹಿರಿಯರು ಹೇಳಿದ್ದನ್ನು ಹುಡುಗರು ಹಾಗೇ ಬರೆದುಕೊಂಡು ಬಂದಿದ್ದರು: "ಬಾಡಿಗೆ ಅವರದ್ದೇ ಕಣಪ್ಪ. ಆದ್ರೆ ಹಡಗು ಬರಬೇಕಲ್ಲ? ಮುಂದಿನ ವಾರ ಅಂತಾರೆ, ಅದರ ಮುಂದಿನ ವಾರ ಅಂತಾರೆ. ಗೋಡೌನ್‌ನಲ್ಲಿ ನನ್ನ ದುಡ್ಡು ಮಲಗಿರುತ್ತೆ."

ಹಡಗುಗಳು ಆಫ್ರಿಕಾ ಸುತ್ತಿ ತಡವಾಗಿ ತಿರುಗಿ ಬರುತ್ತಿದ್ದವು. ಖಾಲಿ ಕಂಟೇನರ್‌ಗಳೂ ಅವುಗಳ ಜೊತೆಗೇ ತಡ. ಮಾಲು ಸಿದ್ಧ, ಕಂಟೇನರ್ ಇಲ್ಲ. ಕಂಟೇನರ್ ಸಿಕ್ಕರೆ ಹಡಗಿನಲ್ಲಿ ಜಾಗ ಇಲ್ಲ. ಮಾಲು ಹಡಗು ಹತ್ತಿತು ಎಂಬ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್, ಕೈಗೆ ಬಾರದೆ ಬ್ಯಾಂಕ್ ದುಡ್ಡು ಬಿಡುವುದಿಲ್ಲ. ಹತ್ತು ಕಂಟೇನರ್ ಮಾಲು ಇಟ್ಟವನ ಸುಮಾರು ನಾಲ್ಕೂಮುಕ್ಕಾಲು ಕೋಟಿ ರೂಪಾಯಿ ಹೀಗೆ ಸಿಕ್ಕಿಕೊಂಡಿರುತ್ತದೆ. ಬಡ್ಡಿ ಮೂಟೆಗೆ ಮೂವತ್ತೇ ರೂಪಾಯಿ ಇರಬಹುದು. ಆದರೆ ಆ ದುಡ್ಡು ತಿರುಗಿ ಬರುವುದರೊಳಗೆ ಕಣದ ಬೆಲೆ ಮೂಟೆಗೆ ಐನೂರು ಏರಿದ್ದರೆ? ಅದೇ ದುಡ್ಡಿಗೆ ಮುಂದಿನ ಸಲ ಕಡಿಮೆ ಮೂಟೆ ಸಿಗುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ನವೆಂಬರ್‌ನಲ್ಲಿ ಆಗಿನ ಬೆಲೆಗೆ ಮಾರಾಟ ಒಪ್ಪಿಕೊಂಡು, ಮಾಲನ್ನು ಜನವರಿಯಲ್ಲಿ ಕೊಳ್ಳುತ್ತೇನೆ ಎಂದುಕೊಂಡಿದ್ದವರಿಗೆ ಬಿದ್ದದ್ದು. ಬೆಲೆ ಏರುತ್ತಲೇ ಹೋಯಿತು. ಬೆಳೆಗಾರರು "ಇನ್ನೂ ಏರಲಿ" ಎಂದು ಮೂಟೆ ಬಿಡಲಿಲ್ಲ. ತಪ್ಪೇನಲ್ಲ, ವರ್ಷಗಟ್ಟಲೆ ಕಡಿಮೆ ಬೆಲೆಗೆ ಕೊಟ್ಟವರು ಅವರು. ಆದರೆ ಒಪ್ಪಿಕೊಂಡ ಮಾಲು ಕೊಡಲು ರಫ್ತುದಾರ ಕೈಯಿಂದ ದುಡ್ಡು ಹಾಕಿ ಕೊಳ್ಳಬೇಕಾಯಿತು. ದೊಡ್ಡ ಕಂಪನಿಗಳು ಲಂಡನ್ ಮಾರುಕಟ್ಟೆಯಲ್ಲಿ ಹೆಡ್ಜಿಂಗ್ (ಬೆಲೆ ಏರಿಳಿತದ ನಷ್ಟಕ್ಕೆ ಮೊದಲೇ ತಡೆ) ಮಾಡಿಕೊಳ್ಳುತ್ತವೆ, ಅವರಿಗೆ ಬ್ಯಾಂಕ್ ಮಿತಿ ಜಾಸ್ತಿ. ಸಣ್ಣವರಿಗೆ ಎರಡೂ ಇಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ನೆನಪಿಸಬೇಕು. 1990ರ ದಶಕದ ನಡುವಿನವರೆಗೂ ಕಾಫಿ ಬೋರ್ಡ್‌ನ ಪೂಲ್ ಪದ್ಧತಿ ಇತ್ತು. ಬೆಳೆಗಾರ ಮಾಲನ್ನು ಪೂಲ್‌ಗೆ ಹಾಕಿ ಕಂತಿನಲ್ಲಿ ದುಡ್ಡು ಪಡೆಯುತ್ತಿದ್ದ. 1967ರಿಂದ 1975ರವರೆಗೆ ಸೂಯೆಜ್ ಕಾಲುವೆ ಪೂರ್ತಿ ಮುಚ್ಚಿದ್ದಾಗ ಆ ಬಿಸಿ ತಡೆದುಕೊಳ್ಳಲು ನಡುವೆ ಬೋರ್ಡ್ ಇತ್ತು. ಪೂಲ್ ಹೋದ ಮೇಲೆ ಒಳ್ಳೆ ಬೆಲೆಯೂ ನೇರ ಬೆಳೆಗಾರನಿಗೆ, ಸಮುದ್ರದ ಅಪಾಯವೂ ವ್ಯಾಪಾರದ ಸರಪಳಿಗೆ ನೇರ. ಪೂಲ್ ವಾಪಸ್ ಬರಬೇಕು ಎಂದು ನಾನು ಹೇಳುತ್ತಿಲ್ಲ, ತೋಟದವರ ಮುಂದೆ ಹಾಗೆ ಹೇಳುವ ಧೈರ್ಯವೂ ಇಲ್ಲ!

ಹಡಗು ಕಂಪನಿಯ ಗುಂಪು ತಂದ ಇನ್ನೊಂದು ಅಂಶ ನನಗೆ ಎಲ್ಲಕ್ಕಿಂತ ಕಳವಳ ತಂದಿತು. ಬ್ರೆಜಿಲ್‌ನಿಂದ ಯುರೋಪಿಗೆ ಅಟ್ಲಾಂಟಿಕ್ ದಾರಿ. ಸೂಯೆಜ್ ಬೇಕಿಲ್ಲ, ಬಾಬ್ ಎಲ್ ಮಂದಬ್ ಬೇಕಿಲ್ಲ. 2024ರಲ್ಲಿ ಬ್ರೆಜಿಲ್‌ನ ರೊಬಸ್ಟಾ ಜಾತಿಯ ಕಾಫಿ ರಫ್ತು ದಾಖಲೆ ಮಟ್ಟ ಮುಟ್ಟಿತು. ಏಷ್ಯಾದ ಮಾಲು ದುಬಾರಿ, ಮೇಲೆ ತಡ. ಗಿರಾಕಿ ಬ್ರೆಜಿಲ್ ಬೀಜಕ್ಕೆ ತನ್ನ ಮಿಶ್ರಣ ಹೊಂದಿಸಿಕೊಂಡ. ಒಮ್ಮೆ ಹೊಂದಿಸಿಕೊಂಡವನು ಬೆಲೆ ಇಳಿದ ಮೇಲೆ ವಾಪಸ್ ಬರುತ್ತಾನಾ? 255 ರೂಪಾಯಿ ಲೆಕ್ಕಕ್ಕೆ ಸಿಕ್ಕಿತು, ಇದು ಯಾವ ಕಾಲಂನಲ್ಲೂ ಕೂರಲಿಲ್ಲ.

ನೌಕಾಪಡೆಯ ಮೇಜು

ಅಮೆರಿಕ 2023ರ ಡಿಸೆಂಬರ್ 18ರಂದು ಆಪರೇಷನ್ ಪ್ರಾಸ್ಪೆರಿಟಿ ಗಾರ್ಡಿಯನ್ ಎಂಬ ಕೂಟ ಘೋಷಿಸಿತು. ಭಾರತ ಸೇರಲಿಲ್ಲ. ಹಾಗಂತ ಸುಮ್ನೆ ಕೂರಲೂ ಇಲ್ಲ. ಅರಬ್ಬಿ ಸಮುದ್ರ, ಏಡನ್ ಕೊಲ್ಲಿಗೆ ತನ್ನದೇ ಯುದ್ಧನೌಕೆಗಳನ್ನು, ಕಣ್ಗಾವಲು ವಿಮಾನಗಳನ್ನು ಕಳಿಸಿತು. ಜನವರಿ 26ರಂದು ಕ್ಷಿಪಣಿ ತಾಗಿ ಉರಿಯುತ್ತಿದ್ದ ಮಾರ್ಲಿನ್ ಲುವಾಂಡಾ ಟ್ಯಾಂಕರ್‌ನ ಬೆಂಕಿ ಆರಿಸಲು ಐಎನ್ಎಸ್ ವಿಶಾಖಪಟ್ಟಣದ ತಂಡ ಹೋಯಿತು. ಆ ಹಡಗಿನಲ್ಲಿ 22 ಭಾರತೀಯರಿದ್ದರು. ಮಾರ್ಚ್ 6ರಂದು ಟ್ರೂ ಕಾನ್ಫಿಡೆನ್ಸ್ ಹಡಗಿನ ಮೇಲೆ ದಾಳಿಯಾಗಿ ಮೂವರು ನಾವಿಕರು ಸತ್ತರು. ಉಳಿದವರನ್ನು ಐಎನ್ಎಸ್ ಕೋಲ್ಕತ್ತಾ ಕಾಪಾಡಿತು. ಮಾರ್ಚ್ 16ರಂದು ಅದೇ ನೌಕೆ ಎಂವಿ ರುಯೆನ್ ಎಂಬ ಅಪಹೃತ ಹಡಗನ್ನು ಬಿಡಿಸಿತು. ಸಿ-17 ವಿಮಾನದಿಂದ ಮಾರ್ಕೋಸ್ ಕಮಾಂಡೊಗಳು ಸಮುದ್ರಕ್ಕೆ ಧುಮುಕಿದ್ದು ಆಗಲೇ. 35 ಸೊಮಾಲಿ ಕಡಲ್ಗಳ್ಳರು ಶರಣಾದರು, 17 ಸಿಬ್ಬಂದಿ ಬಿಡುಗಡೆಯಾದರು.

ರುಯೆನ್ ಕಥೆ ಹೇಳುವಾಗ ಹುಡುಗರ ಮುಖ ನೋಡಬೇಕಿತ್ತು. ಆದರೆ ಅಧ್ಯಯನದ ಪ್ರಶ್ನೆ ಬೇರೆ: ಇದರಿಂದ ಒಂದು ಕಾಫಿ ಕಂಟೇನರ್‌ಗೆ ಏನು ಸಿಕ್ಕಿತು? ಸಭೆಗೆ ಬಂದಿದ್ದ ನಿವೃತ್ತ ನೌಕಾಪಡೆ ಸಿಬ್ಬಂದಿಯೊಬ್ಬರು ಕಡಲ್ಗಳ್ಳರು ಮತ್ತು ಕ್ಷಿಪಣಿ ಎರಡೂ ಬೇರೆ ಬೇರೆ ಸಮಸ್ಯೆ ಎಂದು ಬಿಡಿಸಿ ಹೇಳಿದರು. ಮೊದಲನೆಯದನ್ನು ಗಸ್ತು ತಿರುಗಿ ಹತೋಟಿಗೆ ತರಬಹುದು. ಎರಡನೆಯದಕ್ಕೆ ನೂರು ನೌಕೆ ನಿಲ್ಲಿಸಿದರೂ ಒಂದು ಡ್ರೋನ್ ದಾಟಿ ಬಂದರೆ ವಿಮಾ ಕಂಪನಿ ಹೆದರುತ್ತದೆ. ದಾರಿ ಬದಲಿಸುವ ನಿರ್ಧಾರ ಆಗಿದ್ದು ನೌಕಾಪಡೆಯ ಕಚೇರಿಯಲ್ಲಲ್ಲ. ಮಾರ್ಸ್ಕ್ ಇರುವ ಕೋಪನ್‌ಹೇಗನ್‌ನಲ್ಲಿ, ಎಂಎಸ್‌ಸಿ ಇರುವ ಜಿನೀವಾದಲ್ಲಿ. ನಮ್ಮ ಕಾಫಿ ಹೋಗುವುದು ಅವರ ಹಡಗಿನಲ್ಲಿ. ಕೆಮ್ ಪ್ಲೂಟೊದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಲೈಬೀರಿಯಾದ ಧ್ವಜ, ಜಪಾನಿನ ಮಾಲೀಕರು, ನಡೆಸುವವರು ನೆದರ್ಲೆಂಡ್ಸ್‌ನವರು, ಸಿಬ್ಬಂದಿ ಬಹುತೇಕ ಭಾರತೀಯರು, ಸರಕು ಮಂಗಳೂರಿಗೆ.

ಸ್ವಂತ ಹಡಗು ಇದ್ದರೆ ಸರಿ ಹೋಗುತ್ತಾ? ಎರಡು ಗುಂಪು ಹೌದು ಎಂದವು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹಡಗು ನಿರ್ಮಾಣಕ್ಕೆ 69,725 ಕೋಟಿ ರೂಪಾಯಿಯ ಯೋಜನೆ ಒಪ್ಪಿದ್ದನ್ನು ತೋರಿಸಿದವು. ಮೂರನೆಯ ಗುಂಪಿನ ಮಾತು ನನಗೆ ಹೆಚ್ಚು ಸರಿ ಅನಿಸಿತು: ಭಾರತದ ಧ್ವಜದ ಹಡಗೇ ಆದರೂ ಆ ವಾರ ಅದರ ಕ್ಯಾಪ್ಟನ್ ಆಫ್ರಿಕಾ ಸುತ್ತಿಕೊಂಡೇ ಹೋಗುತ್ತಿದ್ದ. ಅನುಕೂಲ ಇರುವುದು ದಾರಿಯಲ್ಲಿ ಅಲ್ಲ, ಜಾಗದಲ್ಲಿ. ಕಂಟೇನರ್ ಯಾರಿಗೆ ಮೊದಲು ಎಂದು ನಮ್ಮವರು ನಿರ್ಧರಿಸಬಹುದು.

ಒಂದು ವಿಷಯದಲ್ಲಿ ಮಾತ್ರ ಹಾಸನದವರು ಸ್ವಲ್ಪ ಎದೆ ಉಬ್ಬಿಸಿದರು. ನೌಕೆಗಳು ಅಷ್ಟು ದೂರದಿಂದ ದಡದೊಡನೆ ಮಾತಾಡುವುದಕ್ಕೆಂದೇ ಜಿಸ್ಯಾಟ್-7 ಉಪಗ್ರಹ ಇದೆ. 2013ರ ಆಗಸ್ಟ್ 30ರಂದು ಫ್ರೆಂಚ್ ಗಯಾನಾದಿಂದ ಹಾರಿದ್ದು. ಅಂಥ ಭೂಸ್ಥಿರ ಉಪಗ್ರಹಗಳನ್ನು ಕಕ್ಷೆಯಲ್ಲಿ ನಿಲ್ಲಿಸಿ ನೋಡಿಕೊಳ್ಳುವುದು ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಎಂಸಿಎಫ್ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ). 1982ರಿಂದ ಊರಿನಲ್ಲೇ ಇದೆ. ಬಸ್ಸಿನಲ್ಲಿ ಹೋಗುವಾಗ ದೊಡ್ಡ ತಟ್ಟೆಗಳನ್ನು ನೋಡಿದವರೇ ಎಲ್ಲ, ಅರಬ್ಬಿ ಸಮುದ್ರಕ್ಕೂ ಅದಕ್ಕೂ ನಂಟು ಕಟ್ಟಿದವರು ಕಡಿಮೆ. 2025ರ ನವೆಂಬರ್ 2ರಂದು ಶ್ರೀಹರಿಕೋಟಾದಿಂದ ಹಾರಿದ ಸಿಎಂಎಸ್-03 ಈ ಕೆಲಸಕ್ಕೆ ಬಂದ ಹೊಸ ಉಪಗ್ರಹ.

ವರದಿ ಓದಿದ ದಿನ

ವರದಿಯನ್ನು ಬೆಳೆಗಾರರು, ಕ್ಯೂರಿಂಗ್‌ನವರು, ರಫ್ತುದಾರರು ಇದ್ದ ಒಂದು ಸಣ್ಣ ಸಭೆಯಲ್ಲಿ ಓದಿದೆವು. ಸಲಹೆಗಳು ದೊಡ್ಡವೇನಲ್ಲ. ಸಣ್ಣ ರಫ್ತುದಾರರು ಸೇರಿ ಕಂಟೇನರ್ ಕಾಯ್ದಿರಿಸುವುದು, ತಡವಾದ ಅವಧಿಗೆ ಬ್ಯಾಂಕ್ ಸಾಲದ ಮಿತಿ ತಾನಾಗಿ ಹಿಗ್ಗುವಂತೆ ಕೇಳುವುದು, ಬಂದರಿನ ಹಡಗು ವೇಳಾಪಟ್ಟಿಯನ್ನು ಕ್ಯೂರಿಂಗ್ ವರ್ಕ್ಸ್‌ಗಳಿಗೆ ಮೊದಲೇ ಮುಟ್ಟಿಸುವುದು. ಕೊನೆಯದಕ್ಕೆ ತಲೆಯಾಡಿಸಿದರು. ಬ್ಯಾಂಕ್ ಮಾತಿಗೆ ನಕ್ಕರು.

ಆಮೇಲೆ ಬೇಲೂರು ಕಡೆಯ ಹಿರಿಯ ಬೆಳೆಗಾರರೊಬ್ಬರು ಎದ್ದರು. "ಏನ್ ಮೇಷ್ಟ್ರೇ, ಹೋಗೋದರ ಲೆಕ್ಕ ಚೆನ್ನಾಗಿ ಹಾಕಿದ್ದೀರಿ. ಬರೋದರ ಲೆಕ್ಕ ಎಲ್ಲಿ? ನನ್ನ ತೋಟದ ಪೊಟ್ಯಾಷ್ ಎಲ್ಲಿಂದ ಬರುತ್ತೆ?"

ಕೋಣೆಯಲ್ಲಿ ಯಾರ ಹತ್ತಿರವೂ ಉತ್ತರ ಸಿದ್ಧ ಇರಲಿಲ್ಲ. ಭಾರತದಲ್ಲಿ ಪೊಟ್ಯಾಷ್ ಗೊಬ್ಬರ ಪೂರ್ತಿ ಆಮದು. ರಷ್ಯಾ, ಬೆಲಾರುಸ್, ಕೆನಡಾ ಜೊತೆಗೆ ಇಸ್ರೇಲ್, ಜೋರ್ಡಾನ್‌ನಿಂದಲೂ ಬರುತ್ತದೆ. ಮೃತ ಸಮುದ್ರದ ಆ ಪೊಟ್ಯಾಷ್ ಏಷ್ಯಾಕ್ಕೆ ಹೊರಡುವುದು ಅಕಾಬಾ, ಐಲಾಟ್ ಬಂದರುಗಳಿಂದ. ಎರಡೂ ಕೆಂಪು ಸಮುದ್ರದ ತುದಿಯಲ್ಲಿವೆ. ಬಾಬ್ ಎಲ್ ಮಂದಬ್ ದಾಟದೆ ಅಲ್ಲಿಂದ ಮಂಗಳೂರಿಗೆ ಹತ್ತಿರದ ದಾರಿ ಇಲ್ಲ. ಹೂತಿ ದಾಳಿ ಶುರುವಾದ ಮೇಲೆ ಐಲಾಟ್ ಬಂದರಿನಲ್ಲಿ ಹಡಗುಗಳೇ ಇಲ್ಲದಂತಾಗಿತ್ತು. ಇಸ್ರೇಲ್‌ನ ಇನ್ನೊಂದು ಬಂದರು ಅಶ್ದೋದ್ ಮೆಡಿಟರೇನಿಯನ್ ಕಡೆಗಿದೆ. ಅಲ್ಲಿಂದ ಹೊರಟರೆ ಆಫ್ರಿಕಾ ಸುತ್ತಬೇಕು.

ಈಗ ಕೇಂದ್ರದ ಎರಡನೆಯ ಕಡತ ಅದೇ. ಇದು ಕಾಫಿಗಿಂತ ಗೋಜಲು. ಯಾಕೆಂದರೆ ಅದೇ ಹೊತ್ತಿನಲ್ಲಿ ಕೇಂದ್ರ ಸರ್ಕಾರ ಪೊಟ್ಯಾಷ್ ಸಬ್ಸಿಡಿಯನ್ನು 2023ರ ಮುಂಗಾರಿನಲ್ಲಿದ್ದ ಕಿಲೋಗೆ 15.91 ರೂಪಾಯಿಯಿಂದ ಹಿಂಗಾರಿಗೆ 2.38 ರೂಪಾಯಿಗೆ ಇಳಿಸಿತ್ತು. ಜಾಗತಿಕ ಬೆಲೆಯೂ ಇಳಿಯುತ್ತಿತ್ತು. ಸೊಸೈಟಿಯಲ್ಲಿ ಬೆಳೆಗಾರ ಕೊಟ್ಟ ದರದಲ್ಲಿ ಸಮುದ್ರದ ಪಾಲು ಎಷ್ಟು, ಸಬ್ಸಿಡಿಯ ಪಾಲು ಎಷ್ಟು ಎಂದು ಬಿಡಿಸಬೇಕು. ಆಲೂರು, ಬೇಲೂರಿನ ವಿದ್ಯಾರ್ಥಿಗಳಿಗೆ ಮನೆಯಲ್ಲಿರುವ ಹಳೆಯ ಗೊಬ್ಬರದ ರಸೀದಿಗಳನ್ನು ತರಲು ಹೇಳಿದ್ದೇವೆ. 2022ರಿಂದ ಈಚೆಯವು ಸಾಕು.